ಹದಿಮೂರು ಕುದುರೆ, ನೂರು ಕುದುರೆ

ಮಿರ್ಲೆಯ ಬಯಲಿನಲ್ಲಿ ನಾಟಿಯ ಹಂಗಾಮು. ಮಡಿಯಿಂದ ಮಡಿಗೆ ನಾಲೆಯ ನೀರು ಇಳಿಯುತ್ತಿದೆ. ಕಬ್ಬಿಣದ ಜಾಲರಿ ಚಕ್ರ ತೊಟ್ಟ ಪವರ್ ಟಿಲ್ಲರ್ ಕೆಸರನ್ನು ಕಡೆಯುತ್ತ ಬದುವಿನಿಂದ ಬದುವಿಗೆ ಓಡಾಡುತ್ತಿದೆ. ಹಿಡಿ ಅದುಮಿಕೊಂಡು ಮೊಣಕಾಲುದ್ದ ಕೆಸರಲ್ಲಿ ನಡೆಯುವ ಆಳು, ಅವನ ಹಿಂದೆ ಹುಳುವಿಗೆ ಕಾದ ಬೆಳ್ಳಕ್ಕಿಗಳ ಸಾಲು. ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನು ಗುಡುಗುಡು ಎನ್ನುತ್ತ ಕಪ್ಪು ಹೊಗೆ ಉಗುಳುತ್ತದೆ. ಬದುವಿನ ಮೇಲೆ ನಿಂತವರು ಯಾವ ಯಂತ್ರ ಕಂಡರೂ ಮೊದಲು ಕೇಳುವುದು, ಎಷ್ಟು ಹೆಚ್‌ಪಿ? ಇದು 13. ತೂಕ ಯಾರೂ ಕೇಳುವುದಿಲ್ಲ. ಎಂಜಿನ್ನೊಂದೇ ನೂರು ಕೆಜಿ ಮೀರುತ್ತದೆ, ಮೀರಲಿ ಬಿಡಿ. ಭಾರ ಇದ್ದರೆ ತಾನೇ ಕೆಸರಿನಲ್ಲಿ ಹಿಡಿತ.

ಮನೆಯಂಗಳದಲ್ಲಿ ವಿಮಾನ ಕಟ್ಟುವವನ ಲೆಕ್ಕ ಇದಕ್ಕೆ ತಿರುವುಮುರುವು. ಮೂತಿಯಲ್ಲಿ ಹತ್ತು ಕೆಜಿ ಹೆಚ್ಚಾದರೂ ಸಮತೋಲಕ್ಕೆ ಬ್ಯಾಟರಿಯನ್ನು ಹಿಂದಕ್ಕೆ ಒಯ್ಯಬೇಕು. ಹೊರದೇಶಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನು ಎಷ್ಟೋ ಗ್ಯಾರೇಜು ವಿಮಾನಗಳನ್ನು ಎತ್ತಿದೆ. ಗಾಳಿಗೇ ತಣಿಯುವ ಎಂಜಿನ್ನು, ರೇಡಿಯೇಟರಿನ ಹೊರೆಯಿಲ್ಲ, ಬೆಲೆಯೂ ಕಡಿಮೆ. ಆದರೆ ಕಾರಿಗೆ ಪೂರ್ತಿ ಶಕ್ತಿ ಬೇಕಾಗುವುದು ಓವರ್‌ಟೇಕಿನ ನಾಲ್ಕು ಕ್ಷಣ. ವಿಮಾನವೋ ಮುಕ್ಕಾಲು ಪಾಲು ಶಕ್ತಿಯನ್ನು ಗಂಟೆಗಟ್ಟಲೆ ಹಿಂಡುತ್ತದೆ.

ಶಕ್ತಿ, ತೂಕ, ಬಾಳಿಕೆಗಳ ಈ ಜಗ್ಗಾಟ ನೋಡಲು ಬೆಂಗಳೂರಿಗೆ ಹೋದರೆ ಸಾಕು. ಅಲ್ಲಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಅಲ್ಯೂಮಿನಿಯಂ ಕೊಳವೆ, ಬಟ್ಟೆ ಹೊದಿಕೆಯ 'ಎಕ್ಸ್-ಏರ್' ವಿಮಾನ ತಯಾರಿಸಿತು. ಅದರ ಬಿಡಿಭಾಗಗಳ ಪೆಟ್ಟಿಗೆ ಬ್ರಿಟನ್ನಿಗೆ ಹೋಗಿ, ಅಲ್ಲಿನ ಹವ್ಯಾಸಿಗಳ ಕೈಯಲ್ಲಿ ಜೋಡಣೆಯಾಗಿ ಹಾರಿತು. ದೇಹ ಅದೇ, ಎಂಜಿನ್ನು ಬೇರೆಬೇರೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ 64 ಹೆಚ್‌ಪಿಯ ಟೂ ಸ್ಟ್ರೋಕ್ ರೋಟ್ಯಾಕ್ಸ್ 582 ಒಂದು. ಆಸ್ಟ್ರೇಲಿಯಾದ 85 ಹೆಚ್‌ಪಿಯ ಫೋರ್ ಸ್ಟ್ರೋಕ್ ಜಬಿರು ಇನ್ನೊಂದು. ಅಂಕಿ ನೋಡಿದರೆ ಜಬಿರುವೇ ಗೆಲ್ಲಬೇಕು. ಗೆಲುವು ಅಷ್ಟು ಸಲೀಸಲ್ಲ. ಜಬಿರು ಪ್ರೊಪೆಲ್ಲರನ್ನು ನೇರವಾಗಿ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಮೇಲೆ ತಿರುಗಿಸುತ್ತದೆ. ಅಲಗಿನ ತುದಿ ಶಬ್ದದ ವೇಗದ ಹತ್ತಿರ ಸುಳಿಯದಂತೆ ಪ್ರೊಪೆಲ್ಲರ್ ಗಿಡ್ಡವಿರಬೇಕು. ರೋಟ್ಯಾಕ್ಸಿಗೆ ಗೇರ್‌ಪೆಟ್ಟಿಗೆಯುಂಟು, ಉದ್ದನೆಯದನ್ನು ನಿಧಾನ ತಿರುಗಿಸುತ್ತದೆ. ಮೆಲ್ಲಗೆ ಹಾರುವ ಬಟ್ಟೆ ವಿಮಾನಕ್ಕೆ ಗಾಳಿಯಲ್ಲಿ ಹೆಚ್ಚು ಹಿಡಿತ ಕೊಡುವುದು ಅದೇ. ಹಾಗಿದ್ದೂ ನನ್ನ ಓಟು ಜಬಿರುವಿಗೆ: ಟೂ ಸ್ಟ್ರೋಕ್ ಎಂಜಿನ್ನು ಹಾರಾಟದಲ್ಲಿ ಹೇಳದೆ ಕೇಳದೆ ನಿಂತುಬಿಡಬಹುದೆಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ.

ಬೆಂಗಳೂರಿನದೇ ಆದ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ತನ್ನ 'ಹಂಸ'ಕ್ಕೆ ಎಂಜಿನ್ನು ಬದಲಿಸುತ್ತಲೇ ಬಂತು. 1993ರಲ್ಲಿ ಮೊದಲು ಹಾರಿದ ಈ ಎರಡು ಸೀಟಿನ ತರಬೇತಿ ವಿಮಾನಕ್ಕೆ ಆರಂಭದಲ್ಲಿ ಇದ್ದದ್ದು 125 ಹೆಚ್‌ಪಿಯ ಕಾಂಟಿನೆಂಟಲ್. ಹಂಸ-3ಕ್ಕೆ 115ರ ಟರ್ಬೊ ರೋಟ್ಯಾಕ್ಸ್ 914. ಹೊಸ ಹಂಸ-ಎನ್‌ಜಿಗೆ ಇಂಧನ ಚಿಮ್ಮಿಸುವ ರೋಟ್ಯಾಕ್ಸ್ 912. ಶಕ್ತಿ 100, ತೂಕ ಅರವತ್ತು ಕೆಜಿಯ ಆಸುಪಾಸು. ಬದಲಿಸಿದಷ್ಟೂ ಹೆಚ್‌ಪಿ ಇಳಿದಿದೆ. ಬದುವಿನ ಮೇಲಿನವರು ಇದನ್ನು ಒಪ್ಪಲಾರರು.

ಒಪ್ಪಿಸುವ ಪರೀಕ್ಷೆ ಹಂಸ-ಎನ್‌ಜಿಗೆ ನಡೆದದ್ದು 2022ರ ಮೇ 17ರಂದು, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ. ಕೆಳಗೆ ಚಿತ್ರದುರ್ಗದ ಒಣ ಬಯಲು. ಏಳೆಂಟು ಸಾವಿರ ಅಡಿ ಎತ್ತರ, 60ರಿಂದ 70 ನಾಟ್ ವೇಗ. ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಬೇಕೆಂದೇ ಎಂಜಿನ್ನು ನಿಲ್ಲಿಸಿದರು. ಟಿಲ್ಲರ್ ನಿಂತರೆ ಹ್ಯಾಂಡಲ್ ಹಾಕಿ ತಿರುಗಿಸಿ, ಬೈದು, ಮತ್ತೆ ತಿರುಗಿಸಬಹುದು. ಇಲ್ಲಿ ಪ್ರತಿ ಕ್ಷಣಕ್ಕೂ ಎತ್ತರ ಕರಗುತ್ತದೆ. ಎಂಜಿನ್ನು ಮತ್ತೆ ಹೊತ್ತಿಕೊಂಡಿತು.

ಉಳಿದದ್ದು ಇಂಧನದ ತಕರಾರು. ಈ ರೋಟ್ಯಾಕ್ಸ್ ಬಂಕಿನ ಪೆಟ್ರೋಲನ್ನೂ ಕುಡಿಯಬಲ್ಲದು, ಆದರೆ ಶೇ 10 ಎಥನಾಲ್‌ವರೆಗೆ ಮಾತ್ರ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ 20ರದ್ದು. ಅದರಲ್ಲೊಂದಿಷ್ಟು ಕಬ್ಬಿನ ಗದ್ದೆಯಿಂದಲೇ ಬಂದದ್ದು. ವಿಮಾನದ ಅವ್‌ಗ್ಯಾಸನ್ನು ಇಂಡಿಯನ್ ಆಯಿಲ್ 2022ರಿಂದ ವಡೋದರಾದಲ್ಲೇ ತಯಾರಿಸುತ್ತಿದೆ. ಅದನ್ನು ಹಾಕಿದರೆ ಅದರೊಳಗಿನ ಸೀಸ ಎಂಜಿನ್ನಿನಲ್ಲೂ ಗೇರ್‌ಪೆಟ್ಟಿಗೆಯಲ್ಲೂ ಕಿಟ್ಟಗಟ್ಟುತ್ತದೆ; ಆಯಿಲನ್ನು ಬೇಗಬೇಗ ಬದಲಿಸಬೇಕು.