ಕಚೇರಿಯ ಅಂತರ್ಜಾಲ: ನಿಗಾಕ್ಕೆ ಮುನ್ನ ನಿಯಮವಿರಲಿ

ಕಚೇರಿಯ ಗಣಕಯಂತ್ರದಲ್ಲಿ ನೌಕರರು ಸ್ವಂತ ಕೆಲಸಕ್ಕೆ ಅಂತರ್ಜಾಲ ಬಳಸುತ್ತಾರೆಂಬುದು ಅನೇಕ ಉದ್ಯಮಿಗಳ ದೂರು. ಆದರೆ ಅದನ್ನು ತಡೆಯುವ ಆತುರದಲ್ಲಿ ಆಡಳಿತವೇ ತಪ್ಪು ಹೆಜ್ಜೆ ಇಡಬಹುದೆಂಬುದಕ್ಕೆ ರೊಮೇನಿಯಾದ ಪ್ರಕರಣವೊಂದು ನಿದರ್ಶನ.

ಬುಖಾರೆಸ್ಟ್‌ನ ಖಾಸಗಿ ಕಂಪನಿಯೊಂದು ಗ್ರಾಹಕರಿಗೆ ಉತ್ತರಿಸಲೆಂದು ಮಾರಾಟ ವಿಭಾಗದ ಎಂಜಿನಿಯರರೊಬ್ಬರಿಂದ ಯಾಹೂ ಮೆಸೆಂಜರ್ ಖಾತೆ ತೆರೆಸಿತ್ತು. 2007ರ ಜುಲೈಯಲ್ಲಿ ಅವರ ಸಂದೇಶಗಳ ಮೇಲೆ ನಿಗಾ ಇರಿಸಿ, ಸೋದರ ಹಾಗೂ ಭಾವಿ ಪತ್ನಿಯೊಡನೆ ನಡೆಸಿದ ಸಂಭಾಷಣೆಯನ್ನು 45 ಪುಟಗಳಲ್ಲಿ ದಾಖಲಿಸಿ, ಆಗಸ್ಟ್ 1ರಂದು ವಜಾಗೊಳಿಸಿತು. ಸ್ವಂತ ಬಳಕೆಯ ನಿಷೇಧ ಅವರಿಗೆ ತಿಳಿದಿತ್ತು. ಸ್ಥಳೀಯ ನ್ಯಾಯಾಲಯಗಳು ಕಂಪನಿಯನ್ನೇ ಸಮರ್ಥಿಸಿದವು. ಆದರೆ 2017ರ ಸೆಪ್ಟೆಂಬರ್ 5ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠವು 11–6ರ ಬಹುಮತದಿಂದ, ಅವರ ಖಾಸಗಿತನಕ್ಕೆ ತಕ್ಕ ರಕ್ಷಣೆ ದೊರೆತಿಲ್ಲವೆಂದು ತೀರ್ಪಿತ್ತಿತು. ನಿಷೇಧವೊಂದೇ ಸಾಲದು, ನಿಗಾದ ಸ್ವರೂಪವನ್ನು ಮುಂಚಿತವಾಗಿ ತಿಳಿಸಲಾಗಿತ್ತೇ, ಅದಕ್ಕೆ ಸಕಾರಣವಿತ್ತೇ, ಸೌಮ್ಯವಾದ ಬೇರೆ ಮಾರ್ಗವಿತ್ತೇ ಎಂಬುದನ್ನೂ ಪರಿಶೀಲಿಸಬೇಕೆಂಬುದು ಅದರ ಸಾರ.

ಈ ತೀರ್ಪು ನಮ್ಮನ್ನು ಬಂಧಿಸುವುದಿಲ್ಲ. ಆದರೆ ಅದೇ ವರ್ಷದ ಆಗಸ್ಟ್ 24ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ.

ಹತ್ತು ಮಂದಿ ದುಡಿಯುವ ಸಣ್ಣ ಘಟಕಕ್ಕೂ ಒಂದು ಪುಟದ ನಿಯಮಾವಳಿ ಕಷ್ಟವಲ್ಲ. ಯಾವ ಬಳಕೆಗೆ, ಯಾವ ವೇಳೆಯಲ್ಲಿ ಅವಕಾಶ. ಯಾವ ದಾಖಲೆಗಳನ್ನು ಯಾರು ಪರಿಶೀಲಿಸುವರು. ತಪ್ಪಿದರೆ ಕ್ರಮವೇನು ಎಂಬುದನ್ನು ನೌಕರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಸಹಿ ಪಡೆಯುವುದು ಒಳಿತು. ಅನಗತ್ಯ ತಾಣಗಳನ್ನು ತಡೆಹಿಡಿಯಲು ಯಾರ ಪತ್ರವನ್ನೂ ಓದಬೇಕಾಗಿಲ್ಲ. ಕೆಲಸವನ್ನು ಅಳೆಯಬೇಕಾದದ್ದು ಮುಗಿದ ಕೆಲಸದಿಂದಲೇ ಎಂಬುದನ್ನು ವರ್ತಕ ಬಂಧುಗಳು ಮರೆಯಬಾರದು.