ಗ್ರಾಂ ಲೆಕ್ಕ ಪಕ್ಕಾ, ಮನುಷ್ಯರ ಲೆಕ್ಕ ಬಾಕಿ

2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು (ಡಿಆರ್‌ಐ) ಎರಡು ಕಂಟೇನರ್‌ಗಳನ್ನು ತೆರೆಸಿದರು. ಕಾಗದಪತ್ರದಲ್ಲಿದ್ದದ್ದು ಟಾಲ್ಕ್ ಕಲ್ಲು. ಒಳಗೆ ಸಿಕ್ಕಿದ್ದು 2,988 ಕಿಲೋ ಹೆರಾಯಿನ್. ಅಂದಾಜು ಬೆಲೆ 21,000 ಕೋಟಿ ರೂಪಾಯಿ, ಅಂದರೆ ಕಿಲೋಗೆ ಸುಮಾರು 7 ಕೋಟಿ. ನಮ್ಮ ಮಾದಕವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) ಪ್ರಕಾರ 250 ಗ್ರಾಂ ಮೀರಿದ ಹೆರಾಯಿನ್ ‘ವಾಣಿಜ್ಯ ಪ್ರಮಾಣ’. ಅಷ್ಟಕ್ಕೇ ಕನಿಷ್ಠ 10 ವರ್ಷ ಜೈಲು. ಮುಂದ್ರಾದ ಸರಕು ಅದರ 11,900 ಪಟ್ಟಿಗಿಂತ ಹೆಚ್ಚು.

ಆ ಸರಕು ಅಫ್ಗಾನಿಸ್ತಾನದಿಂದ ಹೊರಟು, ಇರಾನಿನ ಬಂದರ್ ಅಬ್ಬಾಸ್ ದಾಟಿ, ವಿಜಯವಾಡದ ಸಂಸ್ಥೆಯೊಂದರ ಹೆಸರಿನಲ್ಲಿ ಬಂದಿತ್ತು. ಹಿಡಿದ ಡಿಆರ್‌ಐ ಹಣಕಾಸು ಸಚಿವಾಲಯದ್ದು. ಆಮೇಲೆ ತನಿಖೆ ವಹಿಸಿಕೊಂಡ ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಗೃಹ ಸಚಿವಾಲಯದ್ದು. ಸಮುದ್ರ ಕಾಯುವ ಕರಾವಳಿ ಕಾವಲು ಪಡೆ ರಕ್ಷಣಾ ಸಚಿವಾಲಯದ್ದು. ಬೀದಿಯಲ್ಲಿ ಪೊಟ್ಟಣ ಮಾರುವವನನ್ನು ಹಿಡಿಯುವವರು ರಾಜ್ಯದ ಪೊಲೀಸರು. ಚಟಕ್ಕೆ ಬಿದ್ದವನಿಗೆ ಮದ್ದು ಆರೋಗ್ಯ ಇಲಾಖೆಯ ಕೆಲಸ, ಪುನರ್ವಸತಿ ಸಾಮಾಜಿಕ ನ್ಯಾಯ ಇಲಾಖೆಯ ಕೆಲಸ. ಒಂದು ಪೊಟ್ಟಣದ ಹಿಂದೆ ಇಷ್ಟು ಕಚೇರಿಗಳು!

ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸಲೆಂದೇ 1985ರ ಎನ್‌ಡಿಪಿಎಸ್ ಕಾಯ್ದೆಯ ಬೆನ್ನಿಗೆ, 1986ರ ಮಾರ್ಚ್‌ನಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೊ (ಎನ್‌ಸಿಬಿ) ಹುಟ್ಟಿತು. ಅದೂ ಸಾಲದೆ 2016ರಲ್ಲಿ ‘ಎನ್‌ಕಾರ್ಡ್’ ಎಂಬ ಸಮನ್ವಯ ವ್ಯವಸ್ಥೆ ಬಂತು. 2019ರಲ್ಲಿ ಅದಕ್ಕೆ ನಾಲ್ಕು ಹಂತಗಳಾದವು. ತುದಿಯಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ, ಅದರ ಕೆಳಗೆ ಕಾರ್ಯಕಾರಿ ಸಮಿತಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ನನ್ನ ಮಟ್ಟಿಗೆ ಈ ನಾಲ್ಕರಲ್ಲಿ ಮುಖ್ಯವಾದದ್ದು ಕೊನೆಯದೇ. ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ, ಶಿಕ್ಷಣ ಇಲಾಖೆಯವರು ಎದುರು ಬದುರು ಕೂರುವಂತೆ ಮಾಡಬಲ್ಲವರು ಜಿಲ್ಲಾಧಿಕಾರಿಯೊಬ್ಬರೇ.

ಹಿಡಿದ ಮಾಲಿನ ಅಂಕಿಗಳು ದೊಡ್ಡವು. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಲ್ಲಿ 2004ರಿಂದ 2014ರವರೆಗೆ ಸಿಕ್ಕಿದ್ದು 3.63 ಲಕ್ಷ ಕಿಲೋ, ನಾಶಪಡಿಸಿದ್ದರ ಬೆಲೆ 8,150 ಕೋಟಿ. 2014ರಿಂದ 2024ರವರೆಗೆ 24 ಲಕ್ಷ ಕಿಲೋ, ನಾಶಪಡಿಸಿದ್ದರ ಬೆಲೆ 56,861 ಕೋಟಿ. ತೂಕ ಆರೂವರೆ ಪಟ್ಟು ಏರಿದೆ. ಕೆಲಸ ಬಿಗಿಯಾಗಿದೆ ಎಂಬುದಕ್ಕೆ ಇದು ಸಾಕ್ಷಿ, ಒಪ್ಪೋಣ. ಆದರೆ ಹಿಡಿದದ್ದು ಹೆಚ್ಚಿದರೆ ಬರುವುದು ಕಡಿಮೆಯಾಯಿತೆಂದು ಅರ್ಥವಲ್ಲ. ಬರುವುದೇ ಹೆಚ್ಚಿದ್ದರೂ ಹಿಡಿಯುವುದು ಹೆಚ್ಚುತ್ತದೆ.

ಈ ತೂಕದ ಹಿಂದೆ ಎಷ್ಟು ಶಿಸ್ತು ಇದೆ ನೋಡಿ. ವಶಪಡಿಸಿಕೊಂಡ ಗಾಂಜಾದ ಮಾದರಿಯನ್ನು ಮ್ಯಾಜಿಸ್ಟ್ರೇಟರ ಎದುರು ತೆಗೆಯಬೇಕು, ಒಂದೊಂದು ಮಾದರಿ 24 ಗ್ರಾಂ. ಹೆರಾಯಿನ್ ಆದರೆ 5 ಗ್ರಾಂ. ಎರಡೆರಡು ಪ್ರತಿ, ಮುಚ್ಚಿದ ಪ್ಲಾಸ್ಟಿಕ್ ಚೀಲ, ಮೊಹರು, ಪಟ್ಟಿ, ಫೋಟೊ. ಒಂದು ಕಿಲೋಗಿಂತ ಕಡಿಮೆ ಗಾಂಜಾ ‘ಅಲ್ಪ ಪ್ರಮಾಣ’, ಗರಿಷ್ಠ ಒಂದು ವರ್ಷ ಶಿಕ್ಷೆ. ಇಪ್ಪತ್ತು ಕಿಲೋ ಮೀರಿತೆಂದರೆ ಹತ್ತರಿಂದ ಇಪ್ಪತ್ತು ವರ್ಷ. ಒಬ್ಬನ ಜೀವಮಾನದ ಹತ್ತು ವರ್ಷ ತಕ್ಕಡಿಯ ಮೇಲೆ ನಿಲ್ಲುವಾಗ ಈ ಕಟ್ಟುನಿಟ್ಟು ಇರಲೇಬೇಕು.

ಅದೇ ಕಟ್ಟುನಿಟ್ಟು ಮನುಷ್ಯರನ್ನು ಎಣಿಸುವಾಗ ಕಾಣುವುದಿಲ್ಲ. ದೇಶಕ್ಕೆಲ್ಲ ನಮ್ಮ ಕೈಯಲ್ಲಿರುವ ದೊಡ್ಡ ಲೆಕ್ಕ 2019ರಲ್ಲಿ ಪ್ರಕಟವಾದ ಸಮೀಕ್ಷೆಯದು. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಆ ಸಮೀಕ್ಷೆ ಎರಡು ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿತ್ತು. ಅಫೀಮು, ಹೆರಾಯಿನ್, ನೋವಿನ ಮಾತ್ರೆಗಳಂಥ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅದರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ಅಕ್ರಮ ಮಾದಕಗಳ ಚಟಕ್ಕೆ ಬಿದ್ದ ಇಪ್ಪತ್ತು ಜನರಲ್ಲಿ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವನು ಒಬ್ಬನೇ. ಮದ್ಯದ ಚಟವಿದ್ದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದ್ದು 38ಕ್ಕೆ ಒಬ್ಬನಿಗೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್, ವೈಟ್ನರ್‌ನಂಥವನ್ನು ಮೂಸುವುದರಲ್ಲಿ ಮಕ್ಕಳೇ ಮುಂದು. ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಈ ಡಬ್ಬಿಗಳು ಯಾವ ಬಂದರಿನಲ್ಲೂ ಸಿಕ್ಕಿಬೀಳುವುದಿಲ್ಲ.

ಚಿಕಿತ್ಸೆ ಇಲ್ಲವೆಂದಲ್ಲ. ಹೆರಾಯಿನ್ ಬಿಡಿಸಲು ಬುಪ್ರೆನಾರ್ಫಿನ್ ಮಾತ್ರೆ ಇದೆ. ರೋಗಿ ದಿನಾ ಕೇಂದ್ರಕ್ಕೆ ಬಂದು, ನರ್ಸ್ ಎದುರಲ್ಲೇ ನಾಲಿಗೆಯ ಕೆಳಗಿಟ್ಟುಕೊಂಡು ಕರಗಿಸಬೇಕು. ಕೇಂದ್ರ ಮನೆಯಿಂದ ನಲವತ್ತು ಕಿಲೋಮೀಟರ್ ಇದ್ದರೆ ಕೂಲಿ ಮಾಡುವವನು ಎಷ್ಟು ದಿನ ಬಂದಾನು? ಬೆಂಗಳೂರಿನವರಿಗೆ ನಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಬೀದರಿನವರಿಗೆ ಅದು ಒಂದು ರಾತ್ರಿಯ, ಚಾಮರಾಜನಗರದವರಿಗೆ ಅರ್ಧ ದಿನದ ಬಸ್ ಪ್ರಯಾಣ.

ಹಾಗಾಗಿ ಜಿಲ್ಲಾಧಿಕಾರಿಗಳಲ್ಲಿ ಒಂದು ಕೋರಿಕೆ. ಎನ್‌ಕಾರ್ಡ್ ಸಭೆಯಲ್ಲಿ ವಶಪಡಿಸಿಕೊಂಡ ಗ್ರಾಂಗಳ ಪಕ್ಕದಲ್ಲೇ ಇನ್ನೆರಡು ಕಾಲಂ ಹಾಕಿಸಿ: ಈ ತಿಂಗಳು ಚಿಕಿತ್ಸೆಗೆ ಬಂದವರೆಷ್ಟು, ಹೋದ ತಿಂಗಳು ಬಂದವರಲ್ಲಿ ಉಳಿದವರೆಷ್ಟು. ಮನೆಯಲ್ಲಿ ಈ ಸಂಕಟ ಇರುವವರಿಗೂ ಒಂದು ಮಾತು. ವ್ಯಸನಮುಕ್ತಿಯ ಸಹಾಯವಾಣಿ 14446. ಮಾರಾಟದ ಸುಳಿವು ಕೊಡಲು 1933. ಮಗನನ್ನು ಹೊಡೆಯುವ ಮೊದಲು, ಕೂಡಿಹಾಕುವ ಮೊದಲು ಮೊದಲನೆಯ ನಂಬರಿಗೆ ಫೋನ್ ಮಾಡಿ.