ದೂರಶಿಕ್ಷಣದಲ್ಲಿ ಆನ್‌ಲೈನ್ ಪರೀಕ್ಷೆ: ಉದ್ಯೋಗದಾತರ ಪಾತ್ರ

ಅಂಗಡಿ, ಕಾರ್ಖಾನೆಗಳ ಲೆಕ್ಕಪತ್ರ ಸಿಬ್ಬಂದಿಯಲ್ಲಿ ಅನೇಕರು ದುಡಿಯುತ್ತಲೇ ಮನೆಯಿಂದ ಓದಿ ಪದವಿ ಪಡೆಯುತ್ತಾರೆ. ದೂರದ ಪರೀಕ್ಷಾ ಕೇಂದ್ರಕ್ಕೆ ತೆರಳಿದರೆ ಅವರಿಗೆ ಪ್ರಯಾಣದ ವೆಚ್ಚ, ಮಾಲೀಕರಿಗೆ ಕೆಲಸದ ದಿನದ ನಷ್ಟ. ಇವೆರಡನ್ನೂ ತಗ್ಗಿಸಬಲ್ಲ ಆನ್‌ಲೈನ್ ಪರೀಕ್ಷೆಗೆ ಕೆಲವರು ಹಿಂಜರಿಯುವುದೇಕೆ?

1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಮಂಡಿಸಿದ ಸಿದ್ಧಾಂತದಂತೆ, ಹೊಸ ತಂತ್ರಜ್ಞಾನದ ಅಂಗೀಕಾರವು ಅದು ಉಪಯುಕ್ತವೆಂಬ ಹಾಗೂ ಸುಲಭವೆಂಬ ಭಾವನೆಗಳನ್ನು ಅವಲಂಬಿಸಿದೆ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ವರ್ತಕರು ಇದನ್ನು ಸ್ವತಃ ಕಂಡಿದ್ದಾರೆ. ಆದರೆ ರಿಟರ್ನ್ ತಡವಾದರೆ ವಿಳಂಬ ಶುಲ್ಕ ತೆರಬಹುದು. ಪರೀಕ್ಷೆಯ ನಡುವೆ ವಿದ್ಯುತ್ ಹೋದರೆ ಒಂದು ಸೆಮಿಸ್ಟರಿನ ಶ್ರಮವೇ ವ್ಯರ್ಥವಾಗಬಹುದು. ಹಿಂಜರಿಕೆಯ ಮೂಲ ಈ ಭೀತಿಯೇ.

ಯುಜಿಸಿಯ 2020ರ ನಿಯಮಾವಳಿಯು ಆನ್‌ಲೈನ್ ಕೋರ್ಸುಗಳಿಗೆ ಮೇಲ್ವಿಚಾರಣೆಯುಳ್ಳ ಆನ್‌ಲೈನ್ ಪರೀಕ್ಷೆಗೆ ಅವಕಾಶ ನೀಡಿತು. ಮನೆಯಿಂದ ಬರೆಯುವಲ್ಲಿ ಕ್ಯಾಮೆರಾವೇ ಮೇಲ್ವಿಚಾರಕ; ಮತ್ತೊಬ್ಬರು ಸುಳಿದರೂ ಸಂಶಯಕ್ಕೆ ಆಸ್ಪದ. ಎಲ್ಲ ಕೋರ್ಸುಗಳಿಗೂ ಈ ಸೌಲಭ್ಯವಿರದ ಕಾರಣ, ಸಂಸ್ಥೆಯ ಮಾನ್ಯತೆಯನ್ನೂ ಪರೀಕ್ಷಾ ವಿಧಾನವನ್ನೂ ಪ್ರವೇಶಕ್ಕೆ ಮುನ್ನವೇ ಪರಿಶೀಲಿಸುವುದು ಲೇಸು.

ಪರೀಕ್ಷೆಯ ದಿನ ಯುಪಿಎಸ್ ಇರುವ ಪ್ರತ್ಯೇಕ ಕೊಠಡಿ, ಸ್ಥಿರ ಇಂಟರ್ನೆಟ್ ಹಾಗೂ ಅರ್ಧ ದಿನದ ಬಿಡುವನ್ನು ಮಾಲೀಕರು ಒದಗಿಸಿದರೆ ನೌಕರನ ಭೀತಿ ನೀಗುತ್ತದೆ. ಇದಕ್ಕೆ ತಗಲುವ ವೆಚ್ಚ ಅಲ್ಪ. ದೊರೆಯುವ ಲಾಭ, ಪದವೀಧರನಾದ ಅನುಭವಿ ಸಿಬ್ಬಂದಿ.